ವಿಹಾರ ನೌಕೆಯೋ, ಐಷಾರಾಮಿ ಹಡಗೋ?

ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯ ಒಂದೇ ಲೇಖನದಲ್ಲಿ ಯಾಟ್ (yacht), ವಿಹಾರ ನೌಕೆ, ವಿಲಾಸಿ ನೌಕೆ, ಐಷಾರಾಮಿ ಹಡಗು ಎಂದು ನಾಲ್ಕು ಹೆಸರು ಬಳಸಿದ್ದೀರಿ. ನಾಲ್ಕೂ ಒಂದೇ ತಾನೇ? ಐಷಾರಾಮಿ ಹಡಗು ಅಂದರೆ ಎಲ್ಲರಿಗೂ ತಿಳಿಯುತ್ತದೆ. ಅದೊಂದನ್ನೇ ಇಟ್ಟುಕೊಳ್ಳಬಾರದೇ?"

ಸಂಪಾದಕರ ಉತ್ತರ: ಓದುತ್ತಾ ಹೋದವರಿಗೆ ಇದು ಅದೇ ದೋಣಿಯೋ ಬೇರೆಯದೋ ಅನ್ನುವ ಅನುಮಾನ ಬರಬಾರದು. ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ. ಇಷ್ಟು ಗಮನವಿಟ್ಟು ಓದಿದ್ದೀರಲ್ಲ, ಅದು ಖುಷಿಯ ವಿಷಯ. ಆದರೆ ನಾಲ್ಕೂ ಒಂದೇ ಅಂದಿರಿ ನೋಡಿ, ಅಲ್ಲಿ ನಾನು ನಿಮ್ಮ ಜೊತೆ ಬರಲಾರೆ. ಅದರಲ್ಲೂ ಉಳಿದದ್ದನ್ನೆಲ್ಲ ಬಿಟ್ಟು 'ಐಷಾರಾಮಿ ಹಡಗು' ಒಂದನ್ನೇ ಉಳಿಸಿ ಅಂದದ್ದು ಓದಿ ನಿಜಕ್ಕೂ ಬೇಜಾರಾಯಿತು.

ಕೆಲವು ವರ್ಷಗಳ ಹಿಂದೆ ನನ್ನ ಮೇಜಿಗೆ ಒಂದು ಅನುವಾದ ಬಂದಿತ್ತು. ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರ ಬಗ್ಗೆ. ಎಲ್ಲೂ ನಿಲ್ಲದೆ, ಒಬ್ಬರೇ ಹಾಯಿದೋಣಿ ನಡೆಸಿಕೊಂಡು ಭೂಮಿ ಸುತ್ತಿದ ಮೊದಲಿಗರು ಅವರು. 1968ರಲ್ಲಿ ಹೊರಟು, 312 ದಿನ ಕಡಲಲ್ಲೇ ಕಳೆದು, 1969ರ ಏಪ್ರಿಲ್‌ನಲ್ಲಿ ವಾಪಸ್ ಬಂದರು. ದೋಣಿಯ ಹೆಸರು 'ಸುಹೈಲಿ'. ಮುಂಬೈಯಲ್ಲಿ ತೇಗದ ಮರದಿಂದ ಕಟ್ಟಿದ್ದು, ಉದ್ದ ಬರೀ 32 ಅಡಿ. ದಾರಿಯಲ್ಲಿ ತೊಟ್ಟಿಯ ಕುಡಿಯುವ ನೀರು ಕೆಟ್ಟಿತು, ಮಳೆನೀರು ಹಿಡಿದರು. ರೇಡಿಯೋ ಕೈಕೊಟ್ಟಿತು. ದೋಣಿಯನ್ನು ತಾನಾಗಿಯೇ ದಿಕ್ಕಿಗೆ ನಿಲ್ಲಿಸುವ ಸಲಕರಣೆ ಮುರಿಯಿತು. ಇಷ್ಟನ್ನೂ ಅನುವಾದಕರು ಚೆನ್ನಾಗಿಯೇ ಬರೆದಿದ್ದರು. ಆದರೆ ಯಾಟ್ ಅನ್ನುವ ಪದ ಕಂಡು ಮೊದಲ ಸಾಲಿನಲ್ಲೇ ಅವರನ್ನು 'ಐಷಾರಾಮಿ ಹಡಗು' ಹತ್ತಿಸಿಬಿಟ್ಟಿದ್ದರು! ಎರಡನೇ ಪುಟದಲ್ಲಿ ಅದೇ ಮನುಷ್ಯ ಮಳೆಗೆ ಕಾಯುತ್ತಾ ಕೂತಿದ್ದಾರೆ. ಓದಿದವರು ಯಾವುದನ್ನು ನಂಬಬೇಕು? ಹೊಡೆದು ಹಾಕಿ 'ಹಾಯಿದೋಣಿ' ಅಂತ ಬರೆದೆ. ಇಡೀ ಲೇಖನ ಸರಿಹೋಯಿತು.

ಯಾಟ್ ಅನ್ನುವ ಪದದಲ್ಲಿ ಐಷಾರಾಮದ ಸುಳಿವೇ ಇಲ್ಲ. ಅದು ಡಚ್ಚರ 'ಯಾಖ್ಟ್'. ಬೇಟೆ, ಬೆನ್ನಟ್ಟುವುದು ಅಂತ ಅರ್ಥ. ಕಡಲ್ಗಳ್ಳರನ್ನು ಅಟ್ಟಿಸಿಕೊಂಡು ಹೋಗಲು ಅವರು ಕಟ್ಟಿದ ಹಗುರವಾದ, ಚುರುಕಾದ ಹಡಗಿಗೆ ಈ ಹೆಸರು ಬಂತು. ದೇಶ ಬಿಟ್ಟಿದ್ದ ಎರಡನೇ ಚಾರ್ಲ್ಸ್ 1660ರಲ್ಲಿ ಇಂಗ್ಲೆಂಡಿನ ಗದ್ದುಗೆಗೆ ಮರಳಿದಾಗ ಆಮ್‌ಸ್ಟರ್‌ಡ್ಯಾಮ್ ನಗರ ಅವನಿಗೆ 'ಮೇರಿ' ಅನ್ನುವ ಇಂಥದೊಂದು ಹಡಗನ್ನು ಉಡುಗೊರೆ ಕೊಟ್ಟಿತು. ಮರುವರ್ಷವೇ ಅವನೂ ಅವನ ತಮ್ಮ ಜೇಮ್ಸನೂ ಥೇಮ್ಸ್ ನದಿಯಲ್ಲಿ 100 ಪೌಂಡ್ ಪಂದ್ಯ ಕಟ್ಟಿ ಯಾಟ್ ಓಡಿಸಿದರು. ಇಂಗ್ಲಿಷಿನಲ್ಲಿ ಈ ಪದಕ್ಕೆ ಮೋಜು ಅಂಟಿಕೊಂಡದ್ದು ಹೀಗೆ. ಡಚ್ಚರ ಆ ಗಂಟಲಿನ 'ಖ' ಇಂಗ್ಲಿಷರಿಗೆ ಒಗ್ಗಲಿಲ್ಲ. 'ch' ಅಕ್ಷರ ಇಟ್ಟುಕೊಂಡರು, ಉಚ್ಚಾರ ಬಿಟ್ಟರು. ಅದನ್ನು ನೋಡಿಕೊಂಡು ನಮ್ಮವರು ಈಗಲೂ 'ಯಾಚ್ಟ್' ಅಂತ ಬರೆದು ಕಳಿಸುತ್ತಾರೆ.

ಹಾಗಾದರೆ ಕನ್ನಡದಲ್ಲಿ ಯಾವುದು? ನನ್ನ ಮನಸ್ಸು 'ವಿಹಾರ ನೌಕೆ'ಯ ಕಡೆಗೇ. ವಿಹಾರ ಅಂದರೆ ತಿರುಗಾಟ. ವಾಯುವಿಹಾರ ಅನ್ನುತ್ತೇವೆ, ಅದಕ್ಕೇನು ದುಡ್ಡು ಬೇಕೇ? ಸರಕು ಸಾಗಿಸಲು ಅಲ್ಲ, ಮೀನು ಹಿಡಿಯಲು ಅಲ್ಲ, ಕಾದಾಡಲೂ ಅಲ್ಲ. ಸುಮ್ನೆ ನೀರಿನ ಮೇಲೆ ಹೋಗಿ ಬರಲು ಇರುವ ನೌಕೆ. ಇಂದಿನ ಯಾಟ್ ಅಂದರೆ ಅಷ್ಟೇ ಅಲ್ವಾ? 'ವಿಲಾಸ'ಕ್ಕೂ ಹಳೆಯ ಬೇರಿದೆ. ಭೋಜರಾಜನ ಹೆಸರಿನಲ್ಲಿರುವ 'ಯುಕ್ತಿಕಲ್ಪತರು'ವಿನಲ್ಲಿ ನಡುವೆ ಕೋಣೆ ಇರುವ ನೌಕೆಗೆ 'ಮಧ್ಯಮಂದಿರಾ' ಅಂತ ಹೆಸರು. ಅದು ರಾಜರ ವಿಲಾಸಯಾತ್ರೆಗೆ ಒಳ್ಳೆಯದು ಅನ್ನುತ್ತದೆ ಆ ಗ್ರಂಥ. ಆದ್ದರಿಂದ ವಿಲಾಸಿ ನೌಕೆ ಅಂದರೆ ನನ್ನ ತಕರಾರಿಲ್ಲ.

ಐಷಾರಾಮಿಗೂ ಜಾಗವಿದೆ. 2013ರಲ್ಲಿ ಕಟ್ಟಿ ಮುಗಿಸಿದ 'ಅಜ್ಜಾಮ್' ಅನ್ನುವ ಯಾಟ್ 180 ಮೀಟರ್ ಉದ್ದ. ಅದರ ಪಕ್ಕಕ್ಕೆ 18 ಸುಹೈಲಿಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಬಹುದು. ಅದನ್ನು ಐಷಾರಾಮಿ ಅನ್ನಿ, ಬೇಡ ಅನ್ನುವುದಿಲ್ಲ. ಇಂಗ್ಲಿಷಿನಲ್ಲಿ ಎರಡೂ ಯಾಟೇ. ಒಲಿಂಪಿಕ್ಸ್‌ನವರಿಗೂ ಈ ಪದ ಸಾಕಾಗಿರಬೇಕು. 2000ದ ಕೂಟದಿಂದ 'ಯಾಟಿಂಗ್' ಬಿಟ್ಟು 'ಸೇಲಿಂಗ್' ಅಂದರು. ನಮ್ಮಲ್ಲಿ ಹಾಯಿದೋಣಿ ಬೇರೆ, ವಿಹಾರ ನೌಕೆ ಬೇರೆ, ಹಡಗು ಬೇರೆ. ಇಷ್ಟು ಸಲೀಸಾಗಿ ಬಿಡಿಸಿ ಹೇಳುವ ಅನುಕೂಲ ಇರುವಾಗ ಎಲ್ಲವನ್ನೂ ಒಂದೇ ಮೂಟೆಗೆ ಯಾಕೆ ತುಂಬಬೇಕು?

ನನ್ನ ಸಿಟ್ಟು ಬರೀ ದೋಣಿಯದ್ದಲ್ಲ. ಇವತ್ತು ಬಸ್ಸು ಐಷಾರಾಮಿ, ಮನೆ ಐಷಾರಾಮಿ, ಕಾರು ಐಷಾರಾಮಿ, ಸೋಫಾ ಕೂಡ ಐಷಾರಾಮಿ. ಬೆಲೆ ಜಾಸ್ತಿ ಅಂತ ಗೊತ್ತಾದರೆ ಸಾಕು, ಆ ವಸ್ತು ಹೇಗಿದೆ, ಏನು ಮಾಡುತ್ತದೆ ಅಂತ ನೋಡುವ ಗೋಜಿಗೇ ಹೋಗುವುದಿಲ್ಲ. ವರದಿ ಬರೆಯುವ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಹಾಯಿ ಇದೆಯಾ? ಎಂಜಿನ್ ಇದೆಯಾ? ಎಷ್ಟು ಜನ ಮಲಗಬಹುದು? ಇಷ್ಟು ಕೇಳಿಕೊಂಡು ಬನ್ನಿ, ಹೆಸರು ತಾನಾಗಿ ಸಿಗುತ್ತದೆ.

ನೀವು ಹೇಳಿದ ಲೇಖನವನ್ನು ಮತ್ತೆ ತೆಗೆದು ನೋಡಿದೆ. ನೀವು ಗಮನಿಸದ ಒಂದು ತಪ್ಪು ಅದರಲ್ಲಿದೆ. ಸಾವಿರಾರು ಜನ ಟಿಕೆಟ್ ಕೊಂಡು ಹತ್ತುವ ಹಡಗಿನ ಚಿತ್ರದ ಕೆಳಗೂ 'ವಿಹಾರ ನೌಕೆ' ಅಂತಲೇ ಹಾಕಿದ್ದೇವೆ. ಅದು ಯಾಟ್ ಅಲ್ಲ, ಕ್ರೂಸ್ ಹಡಗು. ಅಲ್ಲಿ 'ಪ್ರವಾಸಿ ಹಡಗು' ಅಂತ ಓದಿಕೊಳ್ಳಿ.