ಸ್ನಾನದ ನಂತರ ತುರಿಕೆ, ರಕ್ತ ದಪ್ಪ: ನನಗಿನ್ನೆಷ್ಟು ವರ್ಷ?

ಪ್ರಶ್ನೆ: ನನಗೆ 54 ವರ್ಷ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಕಸುಬು. ಎರಡು ವರ್ಷದಿಂದ ಬಿಸಿನೀರು ಮೈಮೇಲೆ ಬಿದ್ದರೆ ಸಾಕು, ಅರ್ಧ ಗಂಟೆ ಕೆರೆದುಕೊಳ್ಳಬೇಕು. ಗೂಡು ಬೇಯಿಸುವ ನೀರಿನ ಅಲರ್ಜಿ ಅಂತ ಸುಮ್ನೆ ಮುಲಾಮು ಹಚ್ಚಿದೆ. ಆಮೇಲೆ ತಲೆನೋವು ಶುರುವಾಯಿತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 19.4, ಪಿಸಿವಿ (ನೂರು ಪಾಲು ರಕ್ತದಲ್ಲಿ ಕೆಂಪು ಕಣ ಎಷ್ಟು ಪಾಲು ಅನ್ನುವ ಲೆಕ್ಕ) 59. ಬೆಂಗಳೂರಿನಲ್ಲಿ ಜಾಕ್-2 ಅನ್ನುವ ಜೀನ್ ಪರೀಕ್ಷೆ ಪಾಸಿಟಿವ್ ಬಂತು. ಪಾಲಿಸೈಥೀಮಿಯಾ ವೆರಾ, ಮೂಳೆ ಮಜ್ಜೆಯ ಒಂದು ಬಗೆಯ ಕ್ಯಾನ್ಸರ್ ಅಂದರು. ಮೂರು ಸಲ ರಕ್ತ ತೆಗೆದಿದ್ದಾರೆ. ಅಷ್ಟು ರಕ್ತ ಹೋಯಿತಲ್ಲ ಅಂತ ಮನೆಯವಳು ಐರನ್ ಟಾನಿಕ್ ತಂದಿಟ್ಟಿದ್ದಾಳೆ. ನನಗಿನ್ನೆಷ್ಟು ವರ್ಷ? ಮಗಳಿಗೂ ಬರುತ್ತದಾ?

ಉತ್ತರ: ಮೊದಲು ಆ ಟಾನಿಕ್ ಬಾಟಲಿ ಎತ್ತಿಡಿ. ಕಬ್ಬಿಣ ಇಲ್ಲದೆ ಮಜ್ಜೆ ಕೆಂಪು ಕಣ ಮಾಡಲಾರದು. ರಕ್ತ ತೆಗೆಯುವುದರಲ್ಲಿ ಅರ್ಧ ಉದ್ದೇಶ ಮೈಯಲ್ಲಿನ ಕಬ್ಬಿಣ ಕಡಿಮೆ ಮಾಡುವುದೇ. ನೀವು ಟಾನಿಕ್ ಕುಡಿದರೆ ತೆಗೆದದ್ದೆಲ್ಲ ವಾಪಸ್ ಬರುತ್ತದೆ. ಹಾಗಂತ ಮುದ್ದೆ, ಸೊಪ್ಪಿನ ಬಸ್ಸಾರು ಬಿಡಬೇಕಿಲ್ಲ.

ಜಾಕ್-2 ಅನ್ನುವುದು ಮಜ್ಜೆಯ ಕಣದೊಳಗಿನ ಒಂದು ಸ್ವಿಚ್. ನಿಮ್ಮಲ್ಲಿ ಅದು ಆಫ್ ಆಗುತ್ತಿಲ್ಲ. ಗೂಡು ಮುಗಿದರೂ ಮೋಟರ್ ನಿಲ್ಲದ ಹಾಗೆ. ಈ ಬದಲಾವಣೆ ಗೊತ್ತಾಗಿದ್ದು 2005ರಲ್ಲಿ. ಈ ಕಾಯಿಲೆಯವರಲ್ಲಿ ನೂರಕ್ಕೆ 95 ಜನರಲ್ಲಿ ಅದು ಇರುತ್ತದೆ. ಹುಟ್ಟಿನಿಂದ ಬಂದದ್ದಲ್ಲ, ನಡುವೆ ಆದದ್ದು. ಮಗಳಿಗೆ ಬರುವ ಭಯ ಬಹಳ ಕಡಿಮೆ.

ಕ್ಯಾನ್ಸರ್ ಅಂದ ತಕ್ಷಣ ನೀವು ವರ್ಷ ಎಣಿಸತೊಡಗಿದ್ದೀರಿ. ಎಣಿಸಬೇಕಾದದ್ದು ಪಿಸಿವಿಯನ್ನು. ಹಿಂದೆ ಚಿಕಿತ್ಸೆ ಇಲ್ಲದಾಗ ಜನ ಒಂದೆರಡು ವರ್ಷದಲ್ಲೇ ಹೋಗುತ್ತಿದ್ದರು. ಹೆಚ್ಚಿನವರನ್ನು ಕೊಂದದ್ದು ಗಂಜಿಯಂತಾದ ರಕ್ತ ಮೆದುಳಲ್ಲೋ ಹೃದಯದಲ್ಲೋ ಹೆಪ್ಪುಗಟ್ಟಿ. ಈಗ ಪಿಸಿವಿ 45ರ ಕೆಳಗೆ ಇಟ್ಟುಕೊಂಡು, ದಿನಾ ಸಣ್ಣ ಡೋಸ್ ಆಸ್ಪಿರಿನ್ ತಗೊಂಡು ಇಪ್ಪತ್ತು ವರ್ಷ ದಾಟಿದವರಿದ್ದಾರೆ. ಹೊಟ್ಟೆ ಹುಣ್ಣು ಇದ್ದರೆ ಆಸ್ಪಿರಿನ್ ಬಗ್ಗೆ ಮೊದಲೇ ಹೇಳಿ. 60 ದಾಟಿದವರಿಗೆ, ಒಮ್ಮೆ ಹೆಪ್ಪುಗಟ್ಟಿದವರಿಗೆ ಮಜ್ಜೆಯ ಓಟ ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಮಾತ್ರೆಯನ್ನೂ ಕೊಡುತ್ತಾರೆ.

ಸುಳ್ಳು ಸಮಾಧಾನ ಹೇಳಲಾರೆ. ವರ್ಷಗಳು ಕಳೆದ ಮೇಲೆ ಕೆಲವರ ಮಜ್ಜೆ ನಾರುಗಟ್ಟುತ್ತದೆ. ಆಗ ರಕ್ತ ಜಾಸ್ತಿಯಾಗುವ ಬದಲು ಕಡಿಮೆಯಾಗುತ್ತದೆ, ಗುಲ್ಮ (ಸ್ಪ್ಲೀನ್) ಊದಿ ಎಡ ಪಕ್ಕೆಯ ಕೆಳಗೆ ಭಾರ ಅನಿಸುತ್ತದೆ. ಇನ್ನೂ ಕಡಿಮೆ ಜನರಲ್ಲಿ ಅದು ಲ್ಯುಕೇಮಿಯಾಗೆ, ಅಂದರೆ ಉಗ್ರ ರಕ್ತದ ಕ್ಯಾನ್ಸರ್‌ಗೆ, ತಿರುಗುತ್ತದೆ. ಕೆಲವು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ತಪ್ಪಿಸಬೇಡಿ ಅನ್ನುವುದು ಇದಕ್ಕೇ.

ತುರಿಕೆಗೆ ಮುಲಾಮು ದಂಡ. ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ, ಉಜ್ಜದೆ ಒತ್ತಿ ಒರೆಸಿಕೊಳ್ಳಿ. ಬಾಯಿ ಸೊಟ್ಟಗಾದರೆ, ಎದೆ ನೋವು ಬಂದರೆ, ಒಂದೇ ಕಾಲು ಊದಿಕೊಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಇನ್ನೊಂದು, ಬೀಡಿ ಸೇದುತ್ತೀರಾ ಅನ್ನುವುದನ್ನು ನೀವು ಬರೆದಿಲ್ಲ. ಸೇದುತ್ತಿದ್ದರೆ ಟಾನಿಕ್ ಜೊತೆಗೆ ಅದನ್ನೂ ಎತ್ತಿಡಿ.