ರೆಸಿನ್ ಬೇಡ ಅಣ್ಣಾ, ಮೊದಲು ಪ್ಲಗ್ ಹುಡುಕಿ

ಆಲ್ದೂರಿನ ಅಣ್ಣಾ, ನಿಮ್ಮ ನಾಲ್ಕೂ ಫೋಟೊ ನೋಡಿದೆ. ಹೊಸ ಫೈಬರ್ ದೋಣಿ ತೋಟದ ಕೆರೆಯಲ್ಲಿ ಹಿಂಭಾಗ ಮುಳುಗಿಸಿಕೊಂಡು, ಮೂತಿ ಮೇಲೆ ಮಾಡಿಕೊಂಡು ನಿಂತಿದೆ. "ತಳ ಎಲ್ಲೋ ಸೀಳಿದೆ, ಯಾವ ರೆಸಿನ್ ಹಾಕಲಿ" ಎಂದು ಕೇಳಿದ್ದೀರಿ. ನಿಮ್ಮ ಪೋಸ್ಟ್ ಕೆಳಗೆ ಎಲ್ಲರೂ ಮ್ಯಾಟ್, ಹಾರ್ಡ್‌ನರ್, ಎಂ-ಸೀಲ್ ಅಂತ ಬಿರುಕು ಮುಚ್ಚುವ ಸಾಮಾನನ್ನೇ ಬರೆದಿದ್ದಾರೆ. ಒಬ್ಬರಾದರೂ ಮೂರನೇ ಫೋಟೊ ದೊಡ್ಡದು ಮಾಡಿ ನೋಡಬೇಕಲ್ವಾ? ಪಿಕಪ್‌ನಿಂದ ಇಳಿಸುವಾಗ ತೆಗೆದದ್ದು ಅದು. ಹಿಂದಿನ ಹಲಗೆಯ ಕೆಳಗೆ, ಬಲಗಡೆ, ದುಂಡಗೆ ಕಪ್ಪಗೆ ಕಾಣುತ್ತಿರುವುದು ನೆರಳಲ್ಲ. ತೂತು. ದೋಣಿ ದಡದಲ್ಲಿದ್ದಾಗ ಒಳಗಿನ ನೀರು ಹರಿದುಹೋಗಲು ಇಟ್ಟದ್ದು, ನೀರಿಗೆ ಇಳಿಸುವ ಮೊದಲು ಪ್ಲಗ್, ಅಂದರೆ ತಿರುಪಿನ ಬಿರಡೆ, ಹಾಕಿ ಮುಚ್ಚಬೇಕು. ನೀವು ಹಾಕಿಲ್ಲ.

ಬೇಜಾರು ಮಾಡಿಕೊಳ್ಳಬೇಡಿ. ಇದೇ ಕೆಲಸ ನಾನೂ ಮಾಡಿದ್ದೇನೆ, ಅದೂ ಭಾವನನ್ನು ಕೂರಿಸಿಕೊಂಡು.

ನಮ್ಮದು ಸಕಲೇಶಪುರದ ಕಡೆ. 10 ಅಡಿಯ ದೋಣಿ, ಡಬಲ್ ತಳ. ಕಾಫಿ ಹೂವು ಅರಳಿಸುವ ಬ್ಲಾಸಮ್ ನೀರು ಹೊಡೆಯುವ ಮೊದಲು, ಕೆರೆಯೊಳಗಿನ ಪಂಪ್ ಪೈಪಿನ ತುದಿಯ ಫೂಟ್‌ವಾಲ್ವ್ ಸುತ್ತ ಕಟ್ಟಿಕೊಂಡಿದ್ದ ಕಳೆ ತೆಗೆಯಬೇಕಿತ್ತು. ಇಳಿಸಿದಾಗ ಒಂದು ಹನಿ ನೀರೂ ಒಳಗೆ ಬರಲಿಲ್ಲ. ಇಲ್ಲೇ ಎಲ್ಲರೂ ಮೋಸ ಹೋಗುವುದು. ಖಾಲಿ ದೋಣಿಯಲ್ಲಿ ಆ ತೂತು ನೀರಿಗಿಂತ ಎರಡು ಬೆರಳು ಮೇಲೇ ಇತ್ತು. ಭಾವ ತೊಂಬತ್ತು ಕೆಜಿ ಆಸಾಮಿ, ಹೋಗಿ ಹಿಂದಿನ ಹಲಗೆಗೆ ಒರಗಿ ಕೂತರು. ತೂತು ನೀರೊಳಗೆ ಹೋಯಿತು. ಡಬಲ್ ತಳ ಆದ್ದರಿಂದ ನೀರು ಕಾಲಿಗೆ ತಾಗುವುದಿಲ್ಲ, ಎರಡು ಪದರದ ಮಧ್ಯೆ ತುಂಬುತ್ತಾ ಹೋಗುತ್ತದೆ. ಕೆರೆ ಮಧ್ಯಕ್ಕೆ ಹೋಗುವಷ್ಟರಲ್ಲಿ ಹುಟ್ಟು ಹಾಕಿದರೂ ದೋಣಿ ಮುಂದೆ ಹೋಗದು, ಕೆಸರಿಗೆ ಬಿದ್ದ ಎಮ್ಮೆ ಎಳೆದ ಹಾಗೆ. "ಹುಟ್ಟು ಹಾಕೋಕೆ ಬರಲ್ಲ ಅಂದ್ರೆ ಮೊದ್ಲೇ ಹೇಳ್ಬಾರ್ದಾ ಭಾವ" ಅಂತ ಅವರು ನನಗೇ ಅಂದರು. ಅಷ್ಟರಲ್ಲಿ ಕಾಲ ಕೆಳಗೆ ಗಳಗಳ ಅಂತ ಸದ್ದು. ಒಳಗಿನ ನೀರು ಈ ಕಡೆಯಿಂದ ಆ ಕಡೆಗೆ ಓಡಿತು. ದೋಣಿ ಒಂದು ಮಗ್ಗುಲಿಗೆ ವಾಲಿದ್ದು ವಾಪಸ್ ಬರಲೇ ಇಲ್ಲ. ಏನಾಯಿತು ಎಂದು ನೋಡಲು ಭಾವ ಹಿಂದಕ್ಕೆ ಬಗ್ಗಿದರು. ಹಿಂದಿನ ಹಲಗೆಯ ಮೇಲಿನಿಂದಲೇ ನೀರು ನುಗ್ಗಿತು. ಕೆರೆ ಎದೆಮಟ್ಟ ಇತ್ತು, ಬಚಾವಾದೆವು.

ಏರಿ ಮೇಲೆ ನಿಂತಿದ್ದ, ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಆಗ ಕೇಳಿದ್ದು ಏನು ಗೊತ್ತಾ? "ಸಾರ್, ಪಂಪ್‌ಹೌಸ್ ಮೊಳೆಗೆ ಒಂದು ಹಿತ್ತಾಳೆ ಬೋಲ್ಟ್ ನೇತಾಡ್ತಾ ಇದೆ, ಅದು ಇದರದ್ದಾ?" ಮರೆಯಬಾರದು ಎಂದು ನಾನೇ ಅಲ್ಲಿ ನೇತು ಹಾಕಿದ್ದೆ!

ಒಂದಿಂಚಿನ ತೂತು ನೀರಿನ ಮಟ್ಟದಿಂದ ಅರ್ಧ ಅಡಿ ಕೆಳಗಿದ್ದರೆ ನಿಮಿಷಕ್ಕೆ 30 ಲೀಟರ್ ಹತ್ತಿರ ಒಳಗೆ ಬರುತ್ತದೆ. ಹತ್ತು ನಿಮಿಷಕ್ಕೆ 300 ಕೆಜಿ, ಅಂದರೆ 50 ಕೆಜಿಯ ಆರು ಮೂಟೆ ಕಾಫಿ. ಮಗ್‌ನಲ್ಲಿ ಮೊಗೆದು ಹಾಕುತ್ತೇನೆ ಅಂದರೆ ಆಗುವ ಮಾತಲ್ಲ.

ಕೆರೆ ಮಧ್ಯೆ ಗೊತ್ತಾದರೆ ಭಾವ ಮಾಡಿದ್ದನ್ನು ಮಾತ್ರ ಮಾಡಬೇಡಿ. ಹಿಂದಕ್ಕೆ ಹೋಗಬೇಡಿ. ಕೂತೇ, ನಿಧಾನಕ್ಕೆ, ಎಲ್ಲರೂ ಮುಂದಕ್ಕೆ ಸರಿಯಿರಿ. ನೀರು ಇನ್ನೂ ಜಾಸ್ತಿ ತುಂಬಿಲ್ಲ ಅಂದರೆ ಹಿಂಭಾಗ ಎದ್ದು ತೂತು ನೀರಿನಿಂದ ಹೊರಗೆ ಬರುತ್ತದೆ. ಹಾಗೇ ದಡಕ್ಕೆ ಹುಟ್ಟು ಹಾಕಿ. ಆದರೆ ಆಗಲೇ ತುಂಬಿದ್ದರೆ ಒಳಗಿನ ನೀರೂ ನಿಮ್ಮ ಜೊತೆ ಮುಂದಕ್ಕೆ ಓಡುತ್ತದೆ, ಮೂತಿ ಮುಳುಗಬಹುದು. ಅದಕ್ಕೇ ನಿಧಾನಕ್ಕೆ ಅಂದದ್ದು. "ಮೋಟರ್ ಜೋರಾಗಿ ಓಡಿಸಿದರೆ ನೀರು ತಾನೇ ಹೊರಗೆ ಎಳೆದುಕೊಂಡು ಹೋಗುತ್ತೆ" ಎಂದು ಕೆಳಗೆ ಒಬ್ಬರು ಬರೆದಿದ್ದಾರೆ. ಸುಳ್ಳಲ್ಲ. ಆದರೆ ದೋಣಿ ನೀರಿನ ಮೇಲೆದ್ದು ಜಾರುವಷ್ಟು ವೇಗ ಬೇಕು. ನಮ್ಮ 2 ಎಚ್‌ಪಿ ಮೋಟರಿಗೆ ಅದು ಬರುವುದಿಲ್ಲ. ಬಂದರೂ ನಿಲ್ಲಿಸಿದ ಕೂಡಲೇ ಮತ್ತೆ ತುಂಬುತ್ತದೆ.

ಈಗ ನನ್ನ ಉಪಾಯ. ಪ್ಲಗ್ ದೋಣಿಯಲ್ಲಿ ಇರಬಾರದು, ಜೇಬಿನಲ್ಲಂತೂ ಇರಲೇಬಾರದು. ಹುಟ್ಟಿಗೆ ಕಟ್ಟಿರಬೇಕು. ಹುಟ್ಟಿನ ಹಿಡಿಯ ಹತ್ತಿರವೇ, ಒಂದು ಗೇಣು ನೈಲಾನ್ ದಾರದಲ್ಲಿ ಬಿಗಿದು. ಹಿಡಿದರೆ ಕೈಗೆ ಚುಚ್ಚುತ್ತಿರಬೇಕು. ಹುಟ್ಟು ಬಿಟ್ಟು ಯಾರೂ ದೋಣಿ ಇಳಿಸುವುದಿಲ್ಲವಲ್ಲ. ನಾನು ಮೊದಲು ಹಿಂದಿನ ಹಲಗೆ ಮೇಲೆ ಕೆಂಪು ಬಣ್ಣದಲ್ಲಿ "ಪ್ಲಗ್?" ಎಂದು ಬರೆದೆ. ತಿಂಗಳು ಕಳೆದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ, ಗೋಡೆ ಮೇಲಿನ ಹಳೇ ಕ್ಯಾಲೆಂಡರ್ ಹಾಗೆ. ಮೊಬೈಲ್‌ನಲ್ಲಿ ಅಲಾರಂ ಇಟ್ಟೆ. ಕೆರೆ ಹತ್ತಿರ ಮೊಬೈಲ್ ಯಾರು ತರುತ್ತಾರೆ? ರೈಟರ್‌ಗೆ ನೆನಪಿಸಲು ಹೇಳಿದೆ, ಅವರು ಅವತ್ತು ರಜೆ. ಕೈಗೆ ಚುಚ್ಚಿದರೆ ಮಾತ್ರ ನಮಗೆ ನೆನಪು. ಮೋಟರ್ ಇರುವವರು ಕಿಲ್ ಸ್ವಿಚ್ ದಾರಕ್ಕೆ (ಎಳೆದರೆ ಮೋಟರ್ ನಿಲ್ಲುವ ದಾರ) ಕಟ್ಟಿ, ಅದಿಲ್ಲದೆ ಮೋಟರ್ ಸ್ಟಾರ್ಟ್ ಆಗಲ್ಲ. ಆದರೆ ದೋಣಿ ನೀರಿಗೆ ಬಿದ್ದ ಮೇಲೆ ಅದು ನೆನಪಾಗುತ್ತದೆ. ಹಾಗಾಗಿ ಹುಟ್ಟೇ ಮೇಲು.

ಹಾಗಾದರೆ ಪ್ಲಗ್ ತೆಗೆಯದೇ ಬಿಟ್ಟರಾಯಿತು ಅಂತೀರಾ? ಮಲೆನಾಡಿನಲ್ಲಿ ಕೂತು ಆ ಮಾತು ಆಡಬೇಡಿ. ಬಯಲಲ್ಲಿ ಇಟ್ಟ 10 ಅಡಿ ಉದ್ದ 4 ಅಡಿ ಅಗಲದ ದೋಣಿಗೆ ಒಂದು ರಾತ್ರಿ ನಾಲ್ಕಿಂಚು ಮಳೆ ಬಿದ್ದರೆ ಸುಮಾರು 300 ಲೀಟರ್ ನೀರು ಒಳಗೆ ನಿಲ್ಲುತ್ತದೆ. ಆ ಭಾರಕ್ಕೇ ತಳ ಸೀಳಬಹುದು. ಆಗ ನಿಮ್ಮ ರೆಸಿನ್ ನಿಜವಾಗಿ ಬೇಕಾಗುತ್ತದೆ. ದೋಣಿ ದಡಕ್ಕೆ ಬಂದ ಕೂಡಲೇ ಪ್ಲಗ್ ಬಿಚ್ಚಿ, ಮೂತಿ ಒಂದಡಿ ಎತ್ತರಿಸಿ ಇಡಿ. ಸಾಧ್ಯವಾದರೆ ಮಗುಚಿ ಹಾಕಿ. ಬೇಸಿಗೆಯಲ್ಲಿ ಇನ್ನೊಂದು ಕಾಟ ಇದೆ. ಕಣಜ ಬಂದು ಆ ತೂತಿನಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ. ಸಿಲ್ವರ್ ಓಕ್ ಎಲೆ ಹೋಗಿ ಕೂರುತ್ತದೆ. ಮೊದಲ ಮಳೆಗೆ ಮುಂಚೆ ಒಂದು ಕಡ್ಡಿ ಹಾಕಿ ತಿರುಗಿಸಿ.

ಪ್ಲಗ್ ವಿಷಯ. ಹಿತ್ತಾಳೆಯದ್ದೇ ತೆಗೆದುಕೊಳ್ಳಿ, ಹಿಂದೆ ರಬ್ಬರ್ ವಾಷರ್ ಇರಲಿ. ಆನ್‌ಲೈನ್‌ನಲ್ಲಿ ಬರುವ ಅಗ್ಗದ ಪ್ಲಾಸ್ಟಿಕ್ ನಾನು ಎರಡು ತರಿಸಿ ಎರಡನ್ನೂ ಎಸೆದೆ, ಥ್ರೆಡ್ ಸವೆದು ಸುಮ್ನೆ ಸುತ್ತುತ್ತದೆ. ಲಿವರ್ ಮಡಚಿದರೆ ಉಬ್ಬುವ ರಬ್ಬರ್ ಪ್ಲಗ್ ಹಾಕಲು ಸುಲಭ, ಆದರೆ ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ. ಹಾರ್ಡ್‌ವೇರ್ ಅಂಗಡಿಯ ಜಿಐ ಎಂಡ್ ಪ್ಲಗ್ ಎರಡು ಸುತ್ತು ಚೆನ್ನಾಗಿ ಹೋಗಿ ಆಮೇಲೆ ಬಿಗಿಯಾದರೆ ಅಲ್ಲೇ ನಿಲ್ಲಿಸಿ. ಥ್ರೆಡ್ ಬೇರೆ ಅಂತ ಅರ್ಥ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ದೋಣಿ ಕಡೆಯ ಥ್ರೆಡ್ ಹೋಗುತ್ತದೆ, ಅದು ದೊಡ್ಡ ರಿಪೇರಿ. ಇಲ್ಲಿ ಸಿಗದಿದ್ದರೆ ಮಲ್ಪೆ, ಮಂಗಳೂರು ಧಕ್ಕೆ (ಮೀನು ದೋಣಿ ನಿಲ್ಲುವ ಜಾಗ) ಕಡೆ ಹೋಗುವವರ ಹತ್ತಿರ ಹೇಳಿ ತರಿಸಿ, ಎರಡು ತರಿಸಿ. ಎಂ-ಸೀಲ್ ಹಾಕಿ ತೂತೇ ಮುಚ್ಚಿಬಿಡಿ ಎಂದವರಿಗೆ ಕೈ ಮುಗಿದೆ. ನಲ್ಲಿಯ ಪೈಪಿಗೆ ಎಂ-ಸೀಲ್ ಒಳ್ಳೆಯದು, ನನ್ನ ಮನೆಯಲ್ಲೂ ಇದೆ. ತೂತು ಮುಚ್ಚಿದರೆ ಒಳಗೆ ಸೇರಿದ ನೀರು ಹೋಗುವುದೆಲ್ಲಿ?

ದೋಣಿಯೊಳಗೆ ಒಂದು ಮರದ ಬಿರಡೆಯೂ ಇರಲಿ. ಒಣಗಿದ ಕಾಫಿ ಗಿಡದ ರೆಂಬೆಯನ್ನು ಕ್ಯಾರೆಟ್ ಹಾಗೆ ಚೂಪು ಕೆತ್ತಿ, ಹಳೇ ಬಟ್ಟೆ ಸುತ್ತಿ ತುರುಕಿದರೆ ನೆನೆದು ಉಬ್ಬಿ ಕೂರುತ್ತದೆ. ದಡ ಸೇರುವವರೆಗೆ ಸಾಕು.

ಇಷ್ಟು ಬರೆದ ಮೇಲೂ ತಳ ಸೀಳಿದೆ ಎಂಬ ಅನುಮಾನ ಇದ್ದರೆ ನೆಲದ ಮೇಲೆ ನೋಡಿ. ಪ್ಲಗ್ ಹಾಕಿ, ಎರಡು ಕಡೆ ಮರದ ದಿಮ್ಮಿ ಕೊಟ್ಟು, ಒಳಗೆ ನಾಲ್ಕು ಕೊಡ ನೀರು ಹಾಕಿ. ಹೊರಗಡೆ ಒಣ ಬಟ್ಟೆಯಲ್ಲಿ ಒರೆಸಿ ಹತ್ತು ನಿಮಿಷ ಕಾಯಿರಿ. ಎಲ್ಲಿ ಒದ್ದೆಯಾಗುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು. ಡಬಲ್ ತಳಕ್ಕೆ ಇದು ಸಾಲದು, ಪದರದ ಮಧ್ಯೆ ನೀರು ಹೋಗುವಂತೆ ಇನ್‌ಸ್ಪೆಕ್ಷನ್ ಮುಚ್ಚಳ ತೆಗೆದು ಹಾಕಬೇಕು.

ಇನ್ನೊಂದು ಬೈಗುಳ ಇದೆ. ಎರಡನೇ ಫೋಟೊದಲ್ಲಿ ನಿಮ್ಮ ಹುಡುಗ ಗಂಬೂಟ್ ಹಾಕಿಕೊಂಡು ದೋಣಿಯಲ್ಲಿ ನಿಂತಿದ್ದಾನೆ. ಉಂಬಳಕ್ಕೆ (ಜಿಗಣೆಗೆ) ಹೆದರಿ ಹಾಕಿದ್ದು ಅಂತ ಗೊತ್ತು. ಗಂಬೂಟಿಗೆ ನೀರು ತುಂಬಿದರೆ ಈಜು ಬರುವವನಿಗೂ ಕಾಲು ಬಡಿಯುವುದು ಕಷ್ಟ. ಏರಿ ಮೇಲೆ ಬಿಚ್ಚಿಸಿ, ಲೈಫ್ ಜಾಕೆಟ್ ಹಾಕಿಸಿ. ಮುಂದೆ ಇದೇ ದೋಣಿಯನ್ನು ಗೊರೂರಿನ ಹೇಮಾವತಿ ಹಿನ್ನೀರಿಗೆ ತೆಗೆದುಕೊಂಡು ಹೋಗುತ್ತೇನೆ ಅಂದಿದ್ದೀರಿ. ಅಲ್ಲಿ ಎದೆಮಟ್ಟದ ಲೆಕ್ಕ ಇಲ್ಲ. ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸದೆ ಬಲೆಯನ್ನೂ ಹಾಕಬೇಡಿ.

ದಿನಾ ಕಾಟ್ಲಾ, ರೋಹುಗೆ ತೌಡು ಹಾಕಲು ದೋಣಿ ಬೇಕು ಅಂತ ಬರೆದಿದ್ದೀರಲ್ಲ, ಅದಕ್ಕೆ ದೋಣಿಯೇ ಬೇಡ. ಖಾಲಿ ಗೊಬ್ಬರದ ಚೀಲವನ್ನು ಚೆನ್ನಾಗಿ ತೊಳೆದು, ಅಲ್ಲಲ್ಲಿ ತೂತು ಮಾಡಿ, ತೌಡು ಮತ್ತು ಕಡಲೆಕಾಯಿ ಹಿಂಡಿ ತುಂಬಿ, ದಡದ ಹತ್ತಿರ ಬಿದಿರಿನ ಗಳಕ್ಕೆ ಕಟ್ಟಿ ನೀರಿಗೆ ಇಳಿಬಿಡಿ. ಮೀನು ಬಂದು ಚೀಲ ಗುದ್ದಿ ತಿನ್ನುತ್ತದೆ. ಎಷ್ಟು ಉಳಿದಿದೆ ಎಂದು ಕೈ ಹಾಕಿ ನೋಡಬಹುದು, ತೌಡೂ ದಂಡವಾಗಲ್ಲ.

ನಾಳೆ ದೋಣಿ ಎತ್ತಿದ ಮೇಲೆ ತೂತಿನ ಪಕ್ಕ ಸ್ಕೇಲ್ ಇಟ್ಟು ಒಂದು ಫೋಟೊ ಹಾಕಿ. ನನ್ನ ಹತ್ತಿರ ಒಂದಿಂಚಿನ ಹಿತ್ತಾಳೆಯದ್ದು ಒಂದು ಹೆಚ್ಚಿಗೆ ಇದೆ. ಅಳತೆ ಸರಿ ಬಂದರೆ ಚಿಕ್ಕಮಗಳೂರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ, ದಾರ ನಾನೇ ಕಟ್ಟಿರುತ್ತೇನೆ.