ಹೆಡೆಯ ಬಣ್ಣ ಆಮೇಲೆ, ಮೊದಲು ಮಿದುಳಿನ ಊಟ ನೋಡಿ

ಕಲ್ಪಿತ ಜೀವಿಗಳ ಮೇಲೆ ಕಾದಂಬರಿ ಬರೆಯುವವರು, ಚಿತ್ರ ಬಿಡಿಸುವವರು ಈಚೆಗೆ ಬಹಳ ಜನ ‘ಇಂಥ ಮೈ ನಿಜಕ್ಕೂ ಬದುಕಬಲ್ಲದೇ’ ಎಂದು ಕೇಳುತ್ತಿದ್ದಾರೆ. ಕೇಳುವುದು ಒಳ್ಳೆಯದೇ. ಆದರೆ ಪತ್ರ ಬಿಚ್ಚಿದರೆ ಮತ್ತೆ ಅದೇ: ಸೊಂಟದ ಮೇಲೆ ಮನುಷ್ಯ, ಕೆಳಗೆ ಹಾವು. ಹಾಗಾಗಿ ಈ ಸಲ ಆ ಒಂದು ಪ್ರಶ್ನೆಗೇ ಹೆಚ್ಚು ಜಾಗ. ಬಿಸಿರಕ್ತ, ತಣ್ಣನೆ ರಕ್ತ ಎಂದರೇನು ಎಂಬುದಕ್ಕೆ ಹೈಸ್ಕೂಲಿನ ವಿಜ್ಞಾನ ಪುಸ್ತಕ ಸಾಕು. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಪ್ರಶ್ನೆ: ಆಗುಂಬೆ ಕಾಡಿನಲ್ಲಿ ಬದುಕುವ ‘ಕಾಳಿಂಗರು’ ಎಂಬ ಜನಾಂಗದ ಕಾದಂಬರಿ ಬರೆಯುತ್ತಿದ್ದೇನೆ. ಸೊಂಟದ ತನಕ ಮನುಷ್ಯರು, ಕೆಳಗೆ ಕಾಳಿಂಗ ಸರ್ಪ. ತಣ್ಣನೆ ರಕ್ತ. ವರ್ಷಕ್ಕೊಮ್ಮೆ ಕಡವೆ ನುಂಗಿ ಉಳಿದ ದಿನ ಧ್ಯಾನದಲ್ಲಿರುತ್ತಾರೆ. ರಾಣಿ ನೂರು ಮೊಟ್ಟೆ ಇಡುತ್ತಾಳೆ. ತಪ್ಪೇನಾದರೂ ಇದೆಯೇ? (ಓದುಗರು, ತೀರ್ಥಹಳ್ಳಿ)

ಉತ್ತರ: ಇದೆ, ಮತ್ತು ಅದು ತಲೆಯಲ್ಲೇ ಇದೆ. ಮನುಷ್ಯನ ಮಿದುಳು ಸುಮಾರು 1.4 ಕಿಲೊ. ಸುಮ್ಮನೆ ಕೂತಿದ್ದರೂ ದೇಹ ಸುಡುವ ಶಕ್ತಿಯಲ್ಲಿ ಐದನೇ ಒಂದು ಪಾಲು ಅದಕ್ಕೇ ಹೋಗುತ್ತದೆ; ದಿನಕ್ಕೆ 300 ಕಿಲೊಕ್ಯಾಲೊರಿ ಹತ್ತಿರ. ಹಾವಿನದು ಬೇರೆಯೇ ಲೆಕ್ಕ. ಅಷ್ಟೇ ತೂಕದ ಸಸ್ತನಿಗೆ ಬೇಕಾದುದರಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಪಾಲಿನಲ್ಲಿ ಅದರ ಬದುಕು ನಡೆಯುತ್ತದೆ. 80 ಕಿಲೊದ ಸಸ್ತನಿಗೆ ವಿಶ್ರಾಂತಿಯಲ್ಲಿ ದಿನಕ್ಕೆ 1,900 ಕಿಲೊಕ್ಯಾಲೊರಿ ಬೇಕಾದರೆ ತಣ್ಣನೆ ರಕ್ತದ ಪ್ರಾಣಿಗೆ 190. ಅಂದರೆ ನಿಮ್ಮ ಕಾಳಿಂಗರ ಮಿದುಳೊಂದೇ ಉಳಿದ ಇಡೀ ಮೈಗಿಂತ ಹೆಚ್ಚು ತಿನ್ನುತ್ತದೆ. ಧ್ಯಾನಕ್ಕೆ ಕೂತರೂ ಅದರ ಹಸಿವು ಇಳಿಯುವುದಿಲ್ಲ.

ಅದಕ್ಕಿಂತ ಕಷ್ಟದ್ದು ಚಳಿ; ತಣ್ಣನೆ ರಕ್ತದ ಮೈ ಹೊರಗಿನ ಹವೆಯ ಜೊತೆಗೇ ತಣ್ಣಗಾಗುತ್ತದೆ. ಮನುಷ್ಯನ ಒಳಮೈ 30 ಡಿಗ್ರಿಗೆ ಇಳಿದರೆ ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. 28ರ ಆಸುಪಾಸಿನಲ್ಲಿ ಪ್ರಜ್ಞೆಯೇ ತಪ್ಪುತ್ತದೆ. ಆಗುಂಬೆಯ ಡಿಸೆಂಬರ್ ಬೆಳಗು 20 ಡಿಗ್ರಿಗಿಂತ ಎಷ್ಟೋ ಕೆಳಗಿರುತ್ತದೆ. ‘ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಾರೆ’ ಎಂದು ಬರೆದು ತಪ್ಪಿಸಿಕೊಳ್ಳಬೇಡಿ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆಯೂರು ಅದು, ಜೂನ್‌ನಿಂದ ಸೆಪ್ಟೆಂಬರ್ ತನಕ ಬಂಡೆಗೆ ಬಿಸಿಲು ಬೀಳುವುದೇ ಅಪರೂಪ.

ದಾರಿ ಇಲ್ಲವೆಂದಲ್ಲ, ಅದನ್ನು ಮೀನು ತೋರಿಸುತ್ತದೆ. ಕತ್ತಿಮೀನು ಕಣ್ಣಿನ ಬಳಿಯ ಸ್ನಾಯುವಿನಿಂದ ಕಣ್ಣನ್ನೂ ಮಿದುಳನ್ನೂ ಮಾತ್ರ ಬೆಚ್ಚಗಿಟ್ಟುಕೊಂಡು ಉಳಿದ ಮೈಯನ್ನು ತಣ್ಣಗೇ ಬಿಡುತ್ತದೆ. ಟ್ಯೂನಾ ಮೀನಿನಲ್ಲಿ ಬಿಸಿ ರಕ್ತದ ನಾಳವೂ ತಣ್ಣನೆ ರಕ್ತದ ನಾಳವೂ ಒತ್ತೊತ್ತಾಗಿ ಎದುರು ದಿಕ್ಕಿನಲ್ಲಿ ಹರಿದು ಶಾಖ ಹೊರಗೆ ಸೋರದಂತೆ ತಡೆಯುತ್ತವೆ. ಅಂಥ ನಾಳಗಳ ಜಾಲವನ್ನು ಕಾಳಿಂಗರ ಸೊಂಟದಲ್ಲಿಡಿ. ಮೇಲೆ 35 ಕಿಲೊ ಬಿಸಿ, ಕೆಳಗೆ 45 ಕಿಲೊ ತಣ್ಣಗೆ. ಹೊಟ್ಟೆ, ಯಕೃತ್ತು ಎರಡೂ ಬಿಸಿಯ ಭಾಗದಲ್ಲೇ ಇರಬೇಕು. ಉಂಡ ಮೇಲೆ ಚಳಿ ತಾಗಿದ ಹಾವು ಅರಗಿಸಲಾರದೆ ಕಕ್ಕಿಬಿಡುತ್ತದೆ, ನಿಮ್ಮವರಿಗೂ ಅದೇ ಗತಿಯಾದೀತು. ಹೀಗೆ ಕಟ್ಟಿದರೆ ವಿಶ್ರಾಂತಿಗೆ 1,100 ಚಿಲ್ಲರೆ, ಓಡಾಟ ಸೇರಿಸಿ 1,600 ಕಿಲೊಕ್ಯಾಲೊರಿ. ಅಕ್ಕಿಯ ಲೆಕ್ಕದಲ್ಲಿ ದಿನಕ್ಕೆ ಅರ್ಧ ಕಿಲೊಗೆ ತುಸು ಕಡಿಮೆ. ವರ್ಷಕ್ಕೊಮ್ಮೆಯಲ್ಲ, ದಿನಾ ಉಣ್ಣುವ ಜನ ಇವರು.

ಕಡವೆ ನುಂಗುವುದನ್ನು ಕೈಬಿಡಿ. ಹಾವಿನ ಕೆಳದವಡೆಯ ಎರಡು ಭಾಗ ಮುಂದೆ ಬೆಸೆದುಕೊಂಡಿಲ್ಲ, ಹಿಗ್ಗುವ ಕಟ್ಟಿನಲ್ಲಿ ಸೇರಿಕೊಂಡಿವೆ. ಮನುಷ್ಯನ ಕೆಳದವಡೆ ಒಂದೇ ಮೂಳೆ. ಮನುಷ್ಯನ ಮುಖ ಕೊಟ್ಟಿದ್ದೀರಿ, ಹಾಗಾದರೆ ಅಗಿಯಬೇಕು, ಬೇಯಿಸಬೇಕು. ಕಾಳಿಂಗ ಸರ್ಪವಂತೂ ಮುಖ್ಯವಾಗಿ ತಿನ್ನುವುದು ಬೇರೆ ಹಾವುಗಳನ್ನು: ಕೇರೆ, ನಾಗರ, ಗುಳಿಮಂಡಲ. ಪಶ್ಚಿಮಘಟ್ಟದ ಕಾಳಿಂಗವನ್ನು 2024ರಲ್ಲಿ ಬೇರೆ ಜಾತಿಯೆಂದು ಗುರುತಿಸಿ ‘ಒಫಿಯೊಫೇಗಸ್ ಕಾಳಿಂಗ’ ಎಂದು ಹೆಸರಿಟ್ಟರು. ಮೊದಲ ಪದದ ಅರ್ಥವೇ ಹಾವು ತಿನ್ನುವುದು. ನಿಮ್ಮ ಜನ ಕೇರೆ ಹಾವನ್ನು ತಿನ್ನುತ್ತಾರೋ, ಕುಲದ್ದೆಂದು ಬಿಡುತ್ತಾರೋ? ಕಡವೆಗಿಂತ ಬರೆಯಬೇಕಾದದ್ದು ಇದು.

ಬಾಲದ ಉದ್ದವನ್ನು ಅಂದಾಜಿಗೆ ಬರೆಯಬೇಡಿ. ಕಾಳಿಂಗ ತನ್ನ ಉದ್ದದ ಮೂರನೇ ಒಂದು ಭಾಗದಷ್ಟನ್ನು ಎತ್ತಿ ನಿಲ್ಲಬಲ್ಲದು. ನೆತ್ತಿ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರಬೇಕಾದರೆ ನೆಲದ ಮೇಲೆ ಮೂರು ಮೀಟರ್ ಬೇಕು, ಒಟ್ಟು ನಾಲ್ಕೂವರೆ. ಆದರೆ ನಾಲ್ಕು ಮೀಟರಿನ ಕಾಳಿಂಗವೂ ಹತ್ತು ಕಿಲೊ ಮುಟ್ಟುವುದು ಅಪರೂಪ; ಅಷ್ಟು ತೆಳ್ಳಗಿನ ಮೈ 35 ಕಿಲೊ ಹೊರಲಾರದು. ಬಣ್ಣ ಕಾಳಿಂಗದ್ದಿರಲಿ, ದಪ್ಪ ಹೆಬ್ಬಾವಿನದ್ದಿರಲಿ.

ಮೊಟ್ಟೆ ನೂರು ಎಂದಿದ್ದೀರಿ. ಎರಡು ಕಿಲೊ ಮಗುವಿಗೆ ಸುಮಾರು ಮೂರು ಕಿಲೊದ ಮೊಟ್ಟೆ ಬೇಕು, ಎರಡು ಉಷ್ಟ್ರಪಕ್ಷಿ ಮೊಟ್ಟೆಗಳಷ್ಟು. ನೂರಕ್ಕೆ 300 ಕಿಲೊ! ತಾಯಿಯೇ 80. ಒಂದೋ ಎರಡೋ ಇಡಲಿ, ಸಾಕು. ಗೂಡನ್ನು ಮಾತ್ರ ಕಾಳಿಂಗದಿಂದಲೇ ಕಲಿಯಿರಿ. ಹೆಣ್ಣು ಕಾಳಿಂಗ ಮೈಯನ್ನು ಕೊಕ್ಕೆಯಂತೆ ಬಳಸಿ ಬಿದಿರೆಲೆ, ದರಗು ಎಳೆದು ಗುಡ್ಡೆ ಹಾಕುತ್ತದೆ. ಎಲೆಯ ಮೇಲೆ ಎಲೆ ಕೂತು, ಹುಲ್ಲಿನ ಸೂರಿನ ಹಾಗೆ ನೀರು ಬದಿಗೆ ಇಳಿದುಹೋಗುತ್ತದೆ. ಹೊರಗೆ ಜಡಿಮಳೆ ಹೊಯ್ಯುತ್ತಿದ್ದರೂ ಒಳಗೆ ಮೊಟ್ಟೆ ಒಣಗೇ ಇರುತ್ತದೆ. ಗುಡ್ಡೆ ತಗ್ಗಿನಲ್ಲಿದ್ದರೆ ಕೆಳಗಿನಿಂದ ನೀರು ನುಗ್ಗಿ ಮೊಟ್ಟೆ ಕೊಳೆಯುತ್ತದೆ. ಆದ್ದರಿಂದ ಇಳಿಜಾರಿನ ಜಾಗಕ್ಕೆ ಆ ಊರಿನಲ್ಲಿ ಜಗಳ ಇದ್ದೇ ಇರುತ್ತದೆ. ನಿಮಗೆ ಕಥೆ ಬೇಕಿದ್ದರೆ ಅಲ್ಲಿಂದ ಹುಟ್ಟಲಿ, ರಾಣಿಯ ಕಿರೀಟದಿಂದ ಬೇಡ.

ಸಂಸ್ಕೃತಿ ಎಂದು ನೀವು ಪ್ರತ್ಯೇಕ ಅಧ್ಯಾಯ ಬರೆದಿದ್ದೀರಿ. ಅದರ ಅಗತ್ಯವೇ ಇಲ್ಲ, ಎಲ್ಲವೂ ಮೈಯಿಂದಲೇ ಬರುತ್ತದೆ. ಮಳೆಗಾಲದಲ್ಲಿ ಒಲೆ ಆರಿದರೆ ಬಾಲ ಮರಗಟ್ಟಿ ಇದ್ದಲ್ಲೇ ಕೂರಬೇಕು, ಹಾಗಾಗಿ ಬಚ್ಚಲ ಹಂಡೆಯ ಒಲೆಯೇ ಅವರ ಮನೆಯ ನಡುಮನೆ. ಅಲ್ಲೂ ಅಪಾಯವಿದೆ. ಸಾಕಿದ ಹಾವುಗಳು ಕಾದ ಕಲ್ಲಿನ ಮೇಲೆ ಮಲಗಿದಲ್ಲೇ ಹೊಟ್ಟೆ ಸುಟ್ಟುಕೊಳ್ಳುತ್ತವೆ, ಸರಿಯುವುದಿಲ್ಲ. ಆದ್ದರಿಂದ ‘ಒಲೆಕಲ್ಲಿಗೆ ಬಾಲ ತಾಗಿಸಿ ಮಲಗಬಾರದು’ ಎಂಬುದು ಅವರ ಮಕ್ಕಳು ಕಲಿಯುವ ಮೊದಲ ಮಾತಾಗಬೇಕು.

ಪೊರೆ ಬಿಡುವುದನ್ನು ನೀವು ಬರೆದೇ ಇಲ್ಲ, ನನಗೆ ಬೇಸರವಾದದ್ದು ಇದಕ್ಕೆ. ಇವರ ಪೊರೆ ಸೊಂಟದಿಂದ ಬಿಚ್ಚಿಕೊಂಡು ಕಾಲುಚೀಲ ಮಗುಚಿದ ಹಾಗೆ ಒಳಹೊರಗಾಗಿ ಇಳಿಯಬೇಕು. ಮಳೆಗಾಲದಲ್ಲಿ ಸಲೀಸು. ಮಾರ್ಚ್, ಏಪ್ರಿಲ್‌ನ ಒಣಹವೆಯಲ್ಲಿ ಚೂರು ಚೂರಾಗುತ್ತದೆ. ಬಾಲದ ತುದಿಯಲ್ಲಿ ಉಂಗುರದಷ್ಟು ಉಳಿದರೂ ಅದು ಬಿಗಿದು ರಕ್ತ ನಿಂತು ತುದಿ ಕಪ್ಪಾಗಿ ಉದುರುತ್ತದೆ. ಮದ್ದು: ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಒದ್ದೆ ಗೋಣಿತಾಟಿನ ನಡುವೆ ತಾನಾಗಿ ನುಸುಳಿಕೊಂಡು ಹೋಗಲು ಬಿಡುವುದು. ಎಳೆದರೆ ಹೊಸ ಚರ್ಮವೂ ಕಿತ್ತು ಬರುತ್ತದೆ. ಈ ಕೆಲಸ ಬಲ್ಲ ಅಜ್ಜಿಯೊಬ್ಬಳು ಆ ಊರಿನಲ್ಲಿ ಇರಲೇಬೇಕು. ಉಣ್ಣೆ (ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗು), ಉಂಬಳ (ಜಿಗಣೆ) ಹುಡುಕುವ ಕೆಲಸವೂ ಅವಳದ್ದೇ. ನೆಲಕ್ಕೆ ಹೊಟ್ಟೆ ತಾಗಿಸಿ ಹರಿಯುವ ಜನಕ್ಕೆ ಬೇಸಿಗೆಯ ಉಣ್ಣೆ ಸಣ್ಣ ಸಂಗತಿಯಲ್ಲ. ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಗೊತ್ತಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ.

ಪ್ರಶ್ನೆ: ಜೋಗದ ಮೇಲೆ ಹಾರಾಡುವ ರೆಕ್ಕೆಯ ಜನರನ್ನು ಸೃಷ್ಟಿಸಿದ್ದೇನೆ. ರೆಕ್ಕೆ ಎಷ್ಟು ದೊಡ್ಡದಿರಬೇಕು? (ಸಾಗರ)

ಉತ್ತರ: ಎತ್ತರ ಎರಡು ಪಟ್ಟಾದರೆ ತೂಕ ಎಂಟು ಪಟ್ಟು, ರೆಕ್ಕೆಯ ವಿಸ್ತೀರ್ಣ ನಾಲ್ಕೇ ಪಟ್ಟು. ಇಂದು ಹಾರುವ ಹಕ್ಕಿಗಳಲ್ಲಿ ಅತಿ ಭಾರದವೂ 20 ಕಿಲೊ ಹತ್ತಿರಕ್ಕೇ ನಿಲ್ಲುತ್ತವೆ. ನಮ್ಮ ಅಡಿಕೆ ತೋಟದ ಹಾರುವ ಓತಿಯನ್ನು ನೋಡಿ: ಉದ್ದನೆಯ ಪಕ್ಕೆಲುಬುಗಳ ಮೇಲೆ ಚರ್ಮ ಹರಡಿ ಮರದಿಂದ ಮರಕ್ಕೆ ತೇಲುತ್ತದೆ, ರೆಕ್ಕೆ ಬಡಿಯುವುದಿಲ್ಲ. ನಿಮ್ಮ ಜನರೂ ತೇಲಲಿ, ತೂಕ ಇಳಿಸಿ.

ಪ್ರಶ್ನೆ: ನಾಗಜನ ಹಾಲು ಕುಡಿಯಬಹುದೇ? ನಾಗಮಣಿ ಎಲ್ಲಿರುತ್ತದೆ?

ಉತ್ತರ: ಹಾವು ಹಾಲು ಕುಡಿಯುವ ಪ್ರಾಣಿಯಲ್ಲ. ಹಾವಾಡಿಗರು ದಿನಗಟ್ಟಲೆ ನೀರು ಕೊಡದೆ ಬಾಯಾರಿಸಿ ಕುಡಿಸುತ್ತಾರೆ. ನಾಗಬನದಲ್ಲಿ ಕೈಮುಗಿಯುವುದಕ್ಕೆ ನನ್ನ ತಕರಾರಿಲ್ಲ, ಜೀವಂತ ಹಾವಿನ ಬಾಯಿಗೆ ಹಾಲು ಸುರಿಯುವುದಕ್ಕೆ ಇದೆ. ಮಣಿ ಇಲ್ಲ.

ಪ್ರಶ್ನೆ: ಎರಡು ತಲೆ ಹಾವಿನಿಂದ ಅದೃಷ್ಟ ಬರುವ ಪಾತ್ರ ಇಡಲೇ?

ಉತ್ತರ: ಇಡಬೇಡಿ. ಅದು ಮಣ್ಣುಮುಕ್ಕ ಹಾವು, ಎರಡನೆಯದು ಮೊಂಡು ಬಾಲ. ಈ ಸುಳ್ಳಿನಿಂದಲೇ ಆ ಬಡಪಾಯಿ ಹಾವುಗಳನ್ನು ಹಿಡಿದು ಮಾರುತ್ತಿದ್ದಾರೆ; 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.

ಪ್ರಶ್ನೆ: ಕಾಳಿಂಗರ ವಿಷಕ್ಕೆ ಬೇರಿನ ಮದ್ದು ಕೆಲಸ ಮಾಡುವಂತೆ ಬರೆಯಬಹುದೇ?

ಉತ್ತರ: ನಿಮ್ಮ ಕಲ್ಪಿತ ಲೋಕದ ಬೇರು ನಿಮ್ಮದು. ಆದರೆ ಮಲೆನಾಡಿನ ಗಿಡದ ಹೆಸರು ಹಾಕಬೇಡಿ. ಯಾರೋ ಓದಿ ನಂಬುತ್ತಾರೆ, ನಾಟಿ ಮದ್ದಿನವನ ಮನೆಯಲ್ಲಿ ಹೊತ್ತು ಕಳೆದು ಸಾಯುತ್ತಾರೆ. ನಮ್ಮ ಆಸ್ಪತ್ರೆಗಳ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ; ಕಾಳಿಂಗಕ್ಕೆ ಅಲ್ಲ. ಆದರೂ ಹೋಗಬೇಕಾದದ್ದು ಆಸ್ಪತ್ರೆಗೇ, ಉಸಿರು ನಿಂತರೆ ಯಂತ್ರದಿಂದ ಉಸಿರಾಡಿಸುವುದು ಅಲ್ಲಿ ಮಾತ್ರ. ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಹೀರಬೇಡಿ. ಉಂಗುರ, ಬಳೆ ತೆಗೆದು, ಕಚ್ಚಿದ ಕೈಕಾಲು ಅಲ್ಲಾಡದಂತೆ ಇಟ್ಟು ಕರೆದೊಯ್ಯಿರಿ.

ಪ್ರಶ್ನೆ: ಕಾಳಿಂಗರ ಹೆಡೆಗೆ ಯಾವ ಬಣ್ಣ?

ಉತ್ತರ: ಹಾವಿನ ಹೆಡೆ ಅರಳುವುದು ಕತ್ತಿನಲ್ಲಿರುವ ಪಕ್ಕೆಲುಬುಗಳಿಂದ. ಮನುಷ್ಯನ ಕತ್ತು ಇಟ್ಟಿದ್ದೀರಿ, ಅಲ್ಲಿ ಪಕ್ಕೆಲುಬಿಲ್ಲ, ಹೆಡೆಯೂ ಇಲ್ಲ.